ಮುಖದ ಮುಂದೊಂದು ತಂತಿ ಜಾಲರಿ

ಕಳೆದ ಕಾರ್ತಿಕದಲ್ಲಿ, ಶಿವಮೊಗ್ಗದ ಹೊರವಲಯದ ಮೈದಾನವೊಂದರಲ್ಲಿ ಬೇಸ್‌ಬಾಲ್ ಹೋಲುವ ಸಾಫ್ಟ್‌ಬಾಲ್ ಆಟದ ಅಭ್ಯಾಸ ನಡೆಯುತ್ತಿದ್ದಾಗ, 13 ವರ್ಷದ ನನ್ನ ಮಗಳ ಬ್ಯಾಟಿನ ಮೇಲಂಚಿಗೆ ತಾಗಿದ ಚೆಂಡು ನೇರವಾಗಿ ಅವಳ ಮೂಗಿಗೆ ಬಡಿಯಿತು. ತಲೆಗೆ ಹೆಲ್ಮೆಟ್ ಇತ್ತು, ಕಿವಿಗಳೆರಡೂ ಮುಚ್ಚಿದ್ದವು, ಮುಖ ಮಾತ್ರ ತೆರೆದಿತ್ತು. ಮೂಗಿನ ಮೂಳೆ ಮುರಿದಿತ್ತು. ಕಣ್ಣಿನ ಗೂಡಿಗೆ ಏನೂ ಆಗಿಲ್ಲವೆಂದು ವೈದ್ಯರು ಹೇಳುವವರೆಗೆ ನಾನೂ ನಮ್ಮ ಯಜಮಾನರೂ ಒಂದು ಮಾತನ್ನೂ ಆಡಲಿಲ್ಲ.

ಹೆಸರು ಕೇಳಿ ಇದು ಮೆತ್ತನೆಯ ಚೆಂಡೆಂದು ತಿಳಿದವರು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಅದರ ಸುತ್ತಳತೆ 12 ಅಂಗುಲ, ತೂಕ ಸುಮಾರು 180ರಿಂದ 200 ಗ್ರಾಂ. ಕ್ರಿಕೆಟ್ ಚೆಂಡು 163 ಗ್ರಾಂ ದಾಟುವುದಿಲ್ಲ. ಹದಿಹರೆಯದ ಹುಡುಗಿಯರ ಆಟದಲ್ಲಿ ಎಸೆಯುವವಳು ನಿಲ್ಲುವುದು 40ರಿಂದ 43 ಅಡಿ ದೂರದಲ್ಲಿ. ಗಂಟೆಗೆ 80 ಕಿಲೋಮೀಟರ್ ವೇಗದ ಎಸೆತ ಅಷ್ಟು ದೂರ ಬರಲು ಅರ್ಧ ಸೆಕೆಂಡಿನ ಆಸುಪಾಸು ಸಾಕು. ಬ್ಯಾಟಿನ ಅಂಚಿನಿಂದ ಮುಖಕ್ಕೆ ಚಿಮ್ಮುವ ಚೆಂಡಿಗೆ ಅಷ್ಟು ಹೊತ್ತೂ ಬೇಡ. ಅಲ್ಲಿ ಅನುಭವವಾಗಲಿ ಚುರುಕುತನವಾಗಲಿ ಉಪಯೋಗಕ್ಕೆ ಬಾರದು.

ಅಮೆರಿಕದ ಪ್ರೌಢಶಾಲೆಗಳ ಸಾಫ್ಟ್‌ಬಾಲ್‌ನಲ್ಲಿ ಬ್ಯಾಟಿಂಗ್ ಹೆಲ್ಮೆಟ್ಟಿಗೆ ಮುಖರಕ್ಷಕ ಜಾಲರಿ 2006ರಿಂದ ಕಡ್ಡಾಯವಾಗಿದೆ. ನಮ್ಮಲ್ಲಿ ಈ ಮಾತೆತ್ತಿದರೆ ಹಿರಿಯರು ಭದ್ರಾವತಿಯ ಜಿ. ಆರ್. ವಿಶ್ವನಾಥ್ ಅವರನ್ನು ನೆನೆಯುತ್ತಾರೆ. ಅವರು 1969ರಲ್ಲಿ ಟೆಸ್ಟ್ ಆಡಲು ಬಂದಾಗ ಹೆಲ್ಮೆಟ್ ಇರಲಿಲ್ಲ, ನಿಜ. ಆದರೆ 1962ರಲ್ಲಿ ಬಾರ್ಬಡೋಸ್‌ನಲ್ಲಿ ತಲೆಗೆ ಚೆಂಡು ಬಡಿದು ಭಾರತ ತಂಡದ ನಾಯಕ ನಾರಿ ಕಾಂಟ್ರಾಕ್ಟರ್ ಅವರ ಟೆಸ್ಟ್ ಬದುಕೇ ಮುಗಿದದ್ದನ್ನೂ ಅದೇ ಉಸಿರಿನಲ್ಲಿ ನೆನೆಯಬೇಕಲ್ಲವೇ?

ಪೆಟ್ಟಾದ ಮೇಲೆ ಆಟೋ ಕಾಂಪ್ಲೆಕ್ಸ್‌ನ ವೆಲ್ಡಿಂಗ್ ಅಂಗಡಿಯಲ್ಲಿ ಸರಳು ಬಗ್ಗಿಸಿ ಜಾಲರಿ ಮಾಡಿಸಿಬಿಡೋಣವೆಂದು ಕೆಲವರು ಒಳ್ಳೆಯ ಮನಸ್ಸಿನಿಂದಲೇ ಸೂಚಿಸಿದರು. ನಾನು ಒಪ್ಪಲಿಲ್ಲ. ಸಿಕ್ಕಲ್ಲಿ ತೂತು ಕೊರೆದರೆ ಹೆಲ್ಮೆಟ್ಟಿನ ಚಿಪ್ಪು ಅಲ್ಲಿಂದಲೇ ಸೀಳಬಹುದು. ಪೆಟ್ಟು ತಾಳದೆ ಒಳಕ್ಕೆ ಬಾಗಿದ ಸರಳು ಕೆನ್ನೆಯನ್ನೇ ಕೊಯ್ಯಬಹುದು. ಯಾವ ಮಾದರಿಯ ಹೆಲ್ಮೆಟ್ಟೋ ಅದಕ್ಕೆಂದೇ ತಯಾರಾದ ಜಾಲರಿಯನ್ನು ತರಿಸಬೇಕು. ನಾವು ಪೋಷಕರು ಹಣ ಕೂಡಿಸಿ ಅಂಥ ನಾಲ್ಕು ಹೆಲ್ಮೆಟ್ ತರಿಸಿದೆವು.

ಹೆಲ್ಮೆಟ್ ಬಂದ ಮೇಲೆ ಕಂಡದ್ದೇ ನನ್ನನ್ನು ಹೆಚ್ಚು ಕಾಡಿತು. ಸೆಕೆಯಾಗುತ್ತದೆ, ಚೆಂಡು ಸರಿಯಾಗಿ ಕಾಣುವುದಿಲ್ಲ ಎಂದು ಮಕ್ಕಳು ಮೊದಲು ಗೊಣಗಿದ್ದು ಒಂದೆರಡು ವಾರದಲ್ಲಿ ನಿಂತಿತು. ನಿಲ್ಲದೆ ಉಳಿದದ್ದು ನಾಚಿಕೆ. ಎದುರು ತಂಡದ ಹುಡುಗಿಯರು ಬರಿಮುಖದಲ್ಲಿ ಆಡುವಾಗ ತಾನೊಬ್ಬಳೇ ಜಾಲರಿ ಹಾಕಿಕೊಂಡರೆ ಪುಕ್ಕಲಿ ಎನ್ನುತ್ತಾರೆಂದು, ಮೂಗು ಮುರಿದುಕೊಂಡ ನನ್ನ ಮಗಳೇ ಒಂದು ಪಂದ್ಯದಲ್ಲಿ ಹಳೆಯ ಹೆಲ್ಮೆಟ್ ಕೇಳಿದಳು. "ಅಮ್ಮ, ಎಲ್ಲರಿಗೂ ಹಾಕಿಸಿದರೆ ನಾನೂ ಹಾಕ್ತೀನಿ" ಎಂದಳು. ಇಷ್ಟವಿದ್ದವರು ಧರಿಸಲಿ ಎಂಬ ಮಾತಿನಲ್ಲಿ ಆಯ್ಕೆಯ ಭಾರವೆಲ್ಲ ಮಗುವಿನ ಹೆಗಲ ಮೇಲೆ ಬೀಳುತ್ತದೆಂದು ನನಗೆ ಅರ್ಥವಾದದ್ದು ಆಗ.

ಆದ್ದರಿಂದ ಮುಂದಿನ ತಾಲ್ಲೂಕು ಮಟ್ಟದ ಪಂದ್ಯಗಳಿಗೆ ಮುನ್ನ, ಜಾಲರಿಯಿಲ್ಲದೆ ಯಾವ ಮಗುವನ್ನೂ ಬ್ಯಾಟಿಂಗಿಗೆ ಬಿಡಬಾರದು, ಹೆಲ್ಮೆಟ್ ಇಲ್ಲದ ಶಾಲೆಯ ಮಕ್ಕಳಿಗೆ ಮೈದಾನದಲ್ಲೇ ಒದಗಿಸಬೇಕು ಎಂದು ಸಂಘಟಕರಿಗೆ ಪತ್ರ ಬರೆದಿದ್ದೇವೆ. ನಮ್ಮ ನಾಲ್ಕು ಹೆಲ್ಮೆಟ್‌ಗಳನ್ನು ಆ ದಿನ ಎರಡೂ ತಂಡಗಳು ಬಳಸಬಹುದೆಂದು ಅದೇ ಪತ್ರದಲ್ಲಿ ತಿಳಿಸಿದ್ದೇವೆ.