ಘಾಟಿ ಹತ್ತುವ ಮೊದಲು ಕರ್ಚೀಫಿಗೆ ಎರಡು ಹನಿ

ಬಸ್ಸಲ್ಲಿ ವಾಂತಿ ಆಗುವವರ ಸಂಕಟ, ಆಗದವರಿಗೆ ಗೊತ್ತಾಗುವುದಿಲ್ಲ. "ಸುಮ್ನೆ ಮಲಗು, ಏನೂ ಆಗಲ್ಲ" ಎಂದು ಹೇಳಿ ಅವರು ಮೊಬೈಲ್ ನೋಡುತ್ತಾ ಕೂರುತ್ತಾರೆ. ಇತ್ತ ಬಾಯಲ್ಲಿ ನೀರೂರುತ್ತಿರುತ್ತದೆ, ಹಣೆ ತಣ್ಣಗೆ ಬೆವರುತ್ತಿರುತ್ತದೆ, ಹೊಟ್ಟೆ ತೊಳಸುತ್ತಿರುತ್ತದೆ, ತಿರುವು ಮಾತ್ರ ಮುಗಿಯುವುದೇ ಇಲ್ಲ. ನಮ್ಮದು ಕರಾವಳಿ, ನೆಂಟರೆಲ್ಲ ಘಟ್ಟದ ಮೇಲೆ. ಮದುವೆ, ಗೃಹಪ್ರವೇಶ, ತಿಥಿ ಯಾವುದಕ್ಕೆ ಹೋಗಬೇಕಾದರೂ ಚಾರ್ಮಾಡಿಯೋ ಶಿರಾಡಿಯೋ ಹತ್ತಲೇಬೇಕು. ಹಾಗಾಗಿ ಈ ವಿಷಯ ನಮ್ಮ ಮನೆಯಲ್ಲಿ ಎಲ್ಲರಿಗೂ ಕರತಲಾಮಲಕ.

ಈಗ ಎಸೆನ್ಷಿಯಲ್ ಆಯಿಲ್ ಅಂತ, ಗಿಡಗಳಿಂದ ತೆಗೆದ ಘಮಘಮಿಸುವ ಎಣ್ಣೆ ಪುಟ್ಟ ಬಾಟಲಿಗಳಲ್ಲಿ ಸಿಗುತ್ತದಲ್ಲ, ಅದನ್ನು ವಾಕರಿಕೆಗೆ ಬಳಸಬಹುದಾ ಎಂದು ತುಂಬಾ ಜನ ಕೇಳುತ್ತಿರುತ್ತಾರೆ. ಬಳಸಬಹುದು. ನಾನು ಬಳಸುತ್ತೇನೆ, ಅಕ್ಕನ ಮಗಳಿಗೂ ಬಳಸುತ್ತೇನೆ. ಆದರೆ ಅದು ಯಾವಾಗ, ಎಷ್ಟು, ಎಲ್ಲಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ವಾಂತಿ ಗಂಟಲಿಗೆ ಬಂದ ಮೇಲೆ ಬಾಟಲಿ ಹುಡುಕಿದರೆ ಏನೂ ಪ್ರಯೋಜನ ಇಲ್ಲ.

ಅಷ್ಟಕ್ಕೂ ಇದು ನಮಗೆ ಹೊಸದೇನೂ ಅಲ್ಲ. ಘಾಟಿ ಬಸ್ಸಲ್ಲಿ ಅಜ್ಜಿಯಂದಿರು ಮುಷ್ಟಿಯಲ್ಲಿ ಒಂದು ನಿಂಬೆಹಣ್ಣು ಹಿಡಿದು ಕೂರುವುದನ್ನು ನೋಡಿದ್ದೀರಲ್ವಾ? ಸುಮ್ಮನೆ ಹಿಡಿದುಕೊಂಡಿರುವುದಿಲ್ಲ, ಆಗಾಗ ಉಗುರಿನಿಂದ ಸಿಪ್ಪೆ ಚಿವುಟುತ್ತಾರೆ. ಸಿಪ್ಪೆಯ ಮೇಲೆ ಸಣ್ಣ ಸಣ್ಣ ಚುಕ್ಕಿ ಇರುತ್ತವಲ್ಲ, ಅದರೊಳಗೇ ಇರುವುದು ಎಣ್ಣೆ. ಚಿವುಟಿದಾಗ ಅದು ಒಡೆದು ಬೆರಳಿಗೆ ಅಂಟುತ್ತದೆ, ಗಾಳಿಗೂ ಹಾರುತ್ತದೆ. ಕೊಡಗಿನ ಕಿತ್ತಳೆ ಸುಲಿಯುವಾಗ ಕಣ್ಣಿಗೆ ಸಿಡಿದು ಉರಿಸುವುದೂ ಅದೇ. ಬಾಟಲಿಯಲ್ಲಿ ಮಾರುವ ಲೆಮನ್ ಆಯಿಲ್ ಇದನ್ನೇ ಹಿಂಡಿ ತೆಗೆದದ್ದು. ನಿಂಬೆ ಕೈಗೆ ಸಿಗುವಾಗ ಆ ಬಾಟಲಿಗೆ ದುಡ್ಡು ಕೊಡಬೇಕಾಗಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ವಾಕರಿಕೆ ಯಾಕೆ ಬರುತ್ತದೆ ಎಂಬುದು. ಒಳಕಿವಿಯಲ್ಲಿ ದ್ರವ ತುಂಬಿದ ಬಾಗಿದ ನಾಳಗಳಿವೆ, ತಲೆ ಎತ್ತ ತಿರುಗಿತು ಎಂದು ಮಿದುಳಿಗೆ ಹೇಳುವುದು ಅವು. ಬಸ್ಸು ತಿರುವಿನಲ್ಲಿ ವಾಲಿದಾಗ ಕಿವಿ "ತಿರುಗುತ್ತಿದ್ದೇವೆ" ಎನ್ನುತ್ತದೆ. ಕಣ್ಣು ಮಾತ್ರ ಎದುರಿನ ಸೀಟಿನ ಬೆನ್ನನ್ನೋ ಮೊಬೈಲನ್ನೋ ನೋಡುತ್ತಾ "ಏನೂ ಅಲ್ಲಾಡುತ್ತಿಲ್ಲ" ಎನ್ನುತ್ತದೆ. ಈ ಎರಡು ಮಾತು ಹೊಂದದೆ ಹೋದಾಗ ಹೊಟ್ಟೆ ತೊಳಸಲು ಶುರುವಾಗುತ್ತದೆ. ಡ್ರೈವರ್‌ಗೆ ಸಾಮಾನ್ಯವಾಗಿ ಇದು ಆಗುವುದಿಲ್ಲ, ಯಾಕೆಂದರೆ ತಿರುವು ಬರುವ ಮೊದಲೇ ಅವರಿಗೆ ಗೊತ್ತಿರುತ್ತದೆ. 2 ವರ್ಷದಿಂದ 12 ವರ್ಷದ ಮಕ್ಕಳಿಗೆ ಜಾಸ್ತಿ, ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ, ಮೈಗ್ರೇನ್ ಇರುವವರಿಗೂ ಬಸುರಿಯರಿಗೂ ಇನ್ನೂ ಜಾಸ್ತಿ.

ಎಣ್ಣೆಯ ವಾಸನೆ ಈ ಗೊಂದಲವನ್ನು ಸರಿಮಾಡುವುದಿಲ್ಲ, ಕಿವಿಗೂ ಅದಕ್ಕೂ ಸಂಬಂಧವೇ ಇಲ್ಲ. ಅದು ತಡೆಯುವುದು ಉರಿಯುವ ಬೆಂಕಿಗೆ ತುಪ್ಪ ಬೀಳುವುದನ್ನು. ಬಸ್ಸಿನ ಡೀಸೆಲ್ ವಾಸನೆ, ಪಕ್ಕದವರು ಮುಡಿದ ಮಲ್ಲಿಗೆ, ಹಿಂದಿನ ಸೀಟಿನಲ್ಲಿ ಯಾರೋ ಬಿಚ್ಚಿದ ತಿಂಡಿ ಪೊಟ್ಟಣ, ಇವೆಲ್ಲ ವಾಕರಿಕೆಯನ್ನು ಒಂದೇ ಸಲ ಮೇಲಕ್ಕೆತ್ತುತ್ತವೆ. ಆಗ ಮೂಗಿನ ಹತ್ತಿರ ನಮಗೆ ಹಿತವಾದ ಒಂದೇ ವಾಸನೆ ಇದ್ದರೆ ತಡೆದುಕೊಳ್ಳಬಹುದು. ಜೊತೆಗೆ ವಾಸನೆ ತೆಗೆದುಕೊಳ್ಳುವ ನೆಪದಲ್ಲಿ ಉಸಿರು ನಿಧಾನವಾಗುತ್ತದೆ. ಇದು ಸಣ್ಣ ವಿಷಯವಲ್ಲ. ಆಪರೇಷನ್ ಆದ ಮೇಲೆ ಬರುವ ವಾಕರಿಕೆಗೆ ಪೆಪ್ಪರ್‌ಮಿಂಟ್ ಎಣ್ಣೆ (ಮಿಠಾಯಿಯಲ್ಲ, ಪುದೀನಾ ಜಾತಿಯ ಗಿಡದ್ದು) ಮೂಸಿಸಿ ನೋಡಿದ ಅಧ್ಯಯನಗಳಲ್ಲಿ, ಬರೀ ನಿಧಾನ ಉಸಿರಾಟವೇ ಹೆಚ್ಚುಕಮ್ಮಿ ಅಷ್ಟೇ ಕೆಲಸ ಮಾಡಿದ್ದೂ ಇದೆ. ಇಂಜೆಕ್ಷನ್‌ಗೆ ಮೊದಲು ಒರೆಸುವ ಐಸೊಪ್ರೊಪೈಲ್ ಆಲ್ಕೋಹಾಲ್ ಪ್ಯಾಡ್ ಇದೆಯಲ್ಲ, ಅದನ್ನು ಮೂಸುವುದಕ್ಕೆ ಆಸ್ಪತ್ರೆಗಳಲ್ಲಿ ಎಣ್ಣೆಗಳಿಗಿಂತ ಗಟ್ಟಿಯಾದ ಸಾಕ್ಷ್ಯ ಸಿಕ್ಕಿದೆ. ನಿಂಬೆ ಎಣ್ಣೆಯನ್ನು 2014ರಲ್ಲಿ ಇರಾನಿನಲ್ಲಿ 100 ಬಸುರಿಯರ ಮೇಲೆ ಪರೀಕ್ಷಿಸಿದ್ದರು, ಮೂಸಿದವರಿಗೆ ವಾಕರಿಕೆ ಸ್ವಲ್ಪ ಕಡಿಮೆಯಾಗಿತ್ತು. ಸ್ವಲ್ಪ ಎಂಬ ಮಾತನ್ನು ನೆನಪಿಟ್ಟುಕೊಳ್ಳಿ.

ಶುಂಠಿ ವಿಷಯದಲ್ಲಿ ಮಾತ್ರ ಜನ ಎಣ್ಣೆಯನ್ನೂ ಗೆಡ್ಡೆಯನ್ನೂ ಒಂದೇ ಎಂದುಕೊಳ್ಳುತ್ತಾರೆ. ಪ್ರಯಾಣದ ವಾಕರಿಕೆಗೆ ಶುಂಠಿಯನ್ನು ಪರೀಕ್ಷಿಸಿದ ಹೆಸರಾಂತ ಅಧ್ಯಯನಗಳು ಇವೆ. 1988ರಲ್ಲಿ ಡೆನ್ಮಾರ್ಕ್‌ನ 80 ನೌಕಾ ಕೆಡೆಟ್‌ಗಳ ಮೇಲೆ ಸಮುದ್ರದಲ್ಲೇ ನಡೆದದ್ದು ಅದರಲ್ಲೊಂದು. ಅಲ್ಲಿ ಕೊಟ್ಟದ್ದು 1 ಗ್ರಾಂ ಒಣಶುಂಠಿ ಪುಡಿ, ಹೊಟ್ಟೆಗೆ. ಶುಂಠಿಯ ಖಾರ ಇರುವುದು ಜಿಂಜರಾಲ್ ಎಂಬ ವಸ್ತುವಿನಲ್ಲಿ, ಅದು ಹಬೆಯಲ್ಲಿ ಹಾರಿ ಬರುವುದಿಲ್ಲ. ಹಾಗಾಗಿ ಹಬೆಯಲ್ಲಿ ಇಳಿಸಿದ ಶುಂಠಿ ಎಣ್ಣೆಯಲ್ಲಿ ಶುಂಠಿಯ ಪರಿಮಳ ಇರುತ್ತದೆ, ಖಾರ ಇರುವುದಿಲ್ಲ. ಎಣ್ಣೆ ಮೂಸಿದರೆ ಶುಂಠಿ ತಿಂದ ಹಾಗೆ ಆಗುವುದಿಲ್ಲ. ಶುಂಠಿ ಬೇಕಿದ್ದರೆ ಉಪ್ಪು ಹಾಕಿ ಒಣಗಿಸಿದ ಚೂರನ್ನೋ ಶುಂಠಿ ಪೆಪ್ಪರಮಿಂಟನ್ನೋ ಬಾಯಿಗೆ ಹಾಕಿಕೊಳ್ಳಿ.

ನಾನು ಮಾಡುವುದು ಹೀಗೆ. ಹೊರಡುವಾಗ ಹೊಟ್ಟೆ ಬಿರಿಯುವಂತೆ ತಿನ್ನುವುದಿಲ್ಲ, ಖಾಲಿಯೂ ಇಡುವುದಿಲ್ಲ. ಎರಡು ಇಡ್ಲಿ ಸಾಕು, ಎಣ್ಣೆ ತಿಂಡಿ ಬೇಡ. ಉಜಿರೆ ದಾಟಿ ಚಾರ್ಮಾಡಿ ಊರು ಬಂದಾಗ, ರಸ್ತೆ ಇನ್ನೂ ನೆಟ್ಟಗಿರುವಾಗಲೇ, ಹತ್ತಿ ಕರ್ಚೀಫನ್ನು ನಾಲ್ಕು ಮಡಿಕೆ ಮಾಡಿ ಮಧ್ಯದ ಮಡಿಕೆಗೆ ಪೆಪ್ಪರ್‌ಮಿಂಟ್ ಎಣ್ಣೆ ಎರಡು ಹನಿ ಬಿಡುತ್ತೇನೆ. ಹೊರಗಿನ ಮಡಿಕೆಗೆ ಹಾಕಿದರೆ ಎಣ್ಣೆ ಮೂಗಿನ ತುದಿಗೆ ತಾಗಿ ಉರಿಯುತ್ತದೆ. ಆಮೇಲೆ ಅದನ್ನು ಜಿಪ್ ಕವರಿನಲ್ಲಿ ಇಡುತ್ತೇನೆ, ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ವಾಸನೆ ಇಡೀ ಬಸ್ಸಿಗೆ ಹರಡಿ ನಮಗೇ ಸಾಕಾಗಿಹೋಗುತ್ತದೆ.

ಅಕ್ಕನ ಮಗಳಿಗೆ ಹತ್ತು ವರ್ಷ. ಅವಳಿಗೆ ಒಂದೇ ಹನಿ. ಮೊದಲ ದೊಡ್ಡ ತಿರುವಿನಲ್ಲಿ ಅವಳ ತುಟಿ ಬಿಳಿಚಿಕೊಳ್ಳುತ್ತದೆ, ಮಾತು ನಿಲ್ಲುತ್ತದೆ. "ಚಿಕ್ಕಮ್ಮಾ, ಆಗ್ತಾ ಇದೆ" ಎನ್ನುವ ಮೊದಲೇ ಅದು ನನಗೆ ಕಾಣುತ್ತದೆ. ಕರ್ಚೀಫನ್ನು ಮೂಗಿನಿಂದ ಒಂದು ಗೇಣು ದೂರ ಹಿಡಿಯಲು ಹೇಳುತ್ತೇನೆ. ಮೂಗಿನಲ್ಲಿ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಬಾಯಲ್ಲಿ ಆರು ಎಣಿಸುವಷ್ಟು ಹೊತ್ತು ಹೊರಗೆ. ಕಣ್ಣು ದೂರದ ಗುಡ್ಡದ ಮೇಲೆ, ಪಕ್ಕದ ಕಾಡು ಓಡುವುದನ್ನು ನೋಡಬಾರದು. ಐದಾರು ಉಸಿರಿಗೆ ಮುಖಕ್ಕೆ ಬಣ್ಣ ಬರುತ್ತದೆ, ಕರ್ಚೀಫು ಮತ್ತೆ ಕವರಿಗೆ. ಹೀಗೇ ಕೊಟ್ಟಿಗೆಹಾರ ಮುಟ್ಟಿದರೆ ಅಲ್ಲಿ ಇಳಿದು ನೀರುದೋಸೆ ಬೇಕು ಎನ್ನುತ್ತಾಳೆ. ಕೆಲವು ಸಲ ಇಷ್ಟೆಲ್ಲ ಮಾಡಿದರೂ ವಾಂತಿ ಆಗುತ್ತದೆ. ಆಗುತ್ತದೆ ಅಷ್ಟೇ, ಮಗುವನ್ನು ಬೈಯಬೇಡಿ.

ಮೊದಲೇ ಶುರುಮಾಡಬೇಕು ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ವಾಂತಿ ಆಗುವಾಗ ಮೂಗಿಗೆ ಯಾವ ವಾಸನೆ ಇತ್ತೋ ಅದನ್ನು ಮಿದುಳು ಗಂಟುಹಾಕಿ ಇಟ್ಟುಕೊಳ್ಳುತ್ತದೆ. ಮುಂದಿನ ಸಲ ಆ ವಾಸನೆಗೇ ಓಕರಿಕೆ ಬರುತ್ತದೆ. ಕಿತ್ತಳೆ ಪೆಪ್ಪರಮಿಂಟ್ ಕಂಡರೇ ಆಗದವರು ನಮ್ಮ ಮನೆಯಲ್ಲೇ ಇದ್ದಾರೆ. ಅದಕ್ಕೇ ಮನೆಯಲ್ಲಿ, ಆರಾಮಾಗಿ ಕೂತಿರುವಾಗ, ಮಗುವಿಗೆ ಯಾವ ವಾಸನೆ ಇಷ್ಟ ಎಂದು ನೋಡಿಕೊಳ್ಳಿ. ಪುದೀನಾ ಇಷ್ಟವಿಲ್ಲದಿದ್ದರೆ ಏಲಕ್ಕಿ ಜಜ್ಜಿ ಬಟ್ಟೆಯಲ್ಲಿ ಕಟ್ಟಿ ಕೊಡಿ. ಬಲವಂತದ ವಾಸನೆ ಯಾರಿಗೂ ಹಿತವಲ್ಲ.

ಇನ್ನು ಮಾಡಬಾರದ್ದು. ಇದನ್ನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ, ಯಾಕೆಂದರೆ "ಗಿಡದಿಂದ ಬಂದದ್ದು, ಏನೂ ಆಗಲ್ಲ" ಎಂಬ ಮಾತು ನಮ್ಮಲ್ಲಿ ತುಂಬಾ. ಪುಟ್ಟ ಮಕ್ಕಳ ಮೂಗಿನ ಕೆಳಗೆ ಮೆಂಥಾಲ್, ಕರ್ಪೂರ, ನೀಲಗಿರಿ ಇರುವ ಯಾವ ಎಣ್ಣೆಯನ್ನೂ ಮುಲಾಮನ್ನೂ ಹಚ್ಚಲೇಬೇಡಿ. ಕೂಸುಗಳಿಗೆ ಅದರಿಂದ ಉಸಿರೇ ಕಟ್ಟಬಹುದು. ಈ ಎಣ್ಣೆಗಳನ್ನು ನೀರಿಗೋ ಸಕ್ಕರೆಗೋ ಹಾಕಿ ಕುಡಿಸಬೇಡಿ. ನೀಲಗಿರಿ ಎಣ್ಣೆ, ಕರ್ಪೂರ ಹೊಟ್ಟೆಗೆ ಹೋದರೆ ಮಕ್ಕಳಿಗೆ ಫಿಟ್ಸ್ ಬರಬಹುದು. ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆಯ ನರರೋಗ ವೈದ್ಯರು ಇದರ ಬಗ್ಗೆ ಅಧ್ಯಯನವನ್ನೇ ಮಾಡಿದ್ದಾರೆ, ದೊಡ್ಡವರಲ್ಲಿ ಕೂಡ ಇಂಥ ಎಣ್ಣೆ, ಮುಲಾಮು ಬಳಸಿದ ಮೇಲೆ ಫಿಟ್ಸ್ ಬಂದದ್ದನ್ನು ದಾಖಲಿಸಿದ್ದಾರೆ. ಮನೆಯಲ್ಲಿ ಯಾರಿಗಾದರೂ ಅಪಸ್ಮಾರ ಇದ್ದರೆ ಊಟಿಯಿಂದ ತಂದ ನೀಲಗಿರಿ ಬಾಟಲಿಯನ್ನು ಅವರ ಹತ್ತಿರ ಸುಳಿಸಬೇಡಿ. ಆಸ್ತಮಾ ಇರುವವರು ಪಕ್ಕದಲ್ಲಿದ್ದರೆ ಕೇಳಿಯೇ ಬಾಟಲಿ ತೆರೆಯಿರಿ. ಹಿಂಡಿ ತೆಗೆದ ನಿಂಬೆ ಎಣ್ಣೆಯನ್ನು ಕೈಗೆ ಹಚ್ಚಿಕೊಂಡು ಬಿಸಿಲಿನ ಕಿಟಕಿ ಪಕ್ಕ ಕೂತರೆ ಚರ್ಮ ಸುಟ್ಟ ಹಾಗೆ ಕಪ್ಪಾಗಬಹುದು. ಬಟ್ಟೆಗೆ ಹಾಕಿ, ಮೈಗೆ ಬೇಡ.

ಕೊಳ್ಳುವಾಗ ಲೇಬಲ್ ಓದಿ. ಪೆಪ್ಪರ್‌ಮಿಂಟ್ ಎಂದರೆ ಮೆಂಥಾ ಪೈಪರಿಟಾ. ಮೆಂಥಾ ಆರ್ವೆನ್ಸಿಸ್ ಎಂದಿದ್ದರೆ ಅದು ಉತ್ತರ ಪ್ರದೇಶದ ಬಾರಾಬಂಕಿ ಕಡೆ ಎಕರೆಗಟ್ಟಲೆ ಬೆಳೆಯುವ ಬೇರೆ ಪುದೀನಾ. ಅದರಲ್ಲಿ ಮೆಂಥಾಲ್ ಇನ್ನೂ ಜಾಸ್ತಿ, ಘಾಟು ಜೋರು, ಒಂದು ಹನಿಯೇ ಸಾಕು. ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ಆರಲು ಬಿಡಿ. ಜಿಡ್ಡಿನ ಕಲೆ ಉಳಿದರೆ ಬೇರೆ ಎಣ್ಣೆ ಬೆರೆಸಿದ್ದಾರೆ ಎಂದರ್ಥ.

ಆಗುಂಬೆಯ 14 ತಿರುವಿಗೋ ಊಟಿಯ ಕಲ್ಲಟ್ಟಿಯ 36 ತಿರುವಿಗೋ ಹೋಗುವಾಗ, ಪ್ರತಿ ಸಲ ವಾಂತಿ ಮಾಡಿ ಸುಸ್ತಾಗುವವರಿಗೆ ಎಣ್ಣೆ ಸಾಲುವುದಿಲ್ಲ. ಡಾಕ್ಟರ ಹತ್ತಿರ ಕೇಳಿ ಮಾತ್ರೆ ತೆಗೆದುಕೊಳ್ಳಿ. ಅದನ್ನೂ ಘಾಟಿ ಶುರುವಾದ ಮೇಲಲ್ಲ, ಹೊರಡುವುದಕ್ಕೆ ಮುಂಚೆಯೇ ನುಂಗಬೇಕು. ನಿದ್ದೆ ಬರುತ್ತದೆ, ಹಾಗಾಗಿ ಗಾಡಿ ಓಡಿಸುವವರಿಗೆ ಅದು ಆಗದು. ಟ್ಯಾಕ್ಸಿ ಮಾಡಿದ್ದರೆ ಹತ್ತುವಾಗಲೇ ಡ್ರೈವರ್ ಹತ್ತಿರ ಎರಡು ಮಾತು ಹೇಳಿಬಿಡಿ: ಕನ್ನಡಿಗೆ ನೇತುಹಾಕಿದ ಆ ಸೆಂಟು ಡಬ್ಬಿ ತೆಗೆದು ಡಿಕ್ಕಿಯಲ್ಲಿಡಿ, ತಿರುವಿನಲ್ಲಿ ಸ್ವಲ್ಪ ನಿಧಾನ ಮಾಡಿ. ಮರ್ಯಾದೆಯಿಂದ ಕೇಳಿದರೆ ಇಲ್ಲ ಎನ್ನುವವರು ಕಡಿಮೆ.