ರೋಟಾರಾಡ್ ಮೇಲಿನ ಬಿಳಿ ಇಲಿ

ಫಾರ್ಮಕಾಲಜಿ ಲ್ಯಾಬಿನ ಕಿಟಕಿ ಪಕ್ಕದ ಕಲ್ಲಿನ ಕಟ್ಟೆಯ ಮೇಲೆ ರೋಟಾರಾಡ್ ಇರುತ್ತಿತ್ತು. ಇಲಿ ಬೀಳದೆ ಎಷ್ಟು ಹೊತ್ತು ನಡೆಯುತ್ತದೆ ಎಂದು ನೋಡುವ ಯಂತ್ರ: ಸುಮಾರು 3 ಸೆಂ.ಮೀ. ದಪ್ಪದ ತಿರುಗುವ ಸರಳು, ಅದನ್ನು ಅಂಕಣಗಳಾಗಿ ಬೇರೆ ಮಾಡುವ ತಟ್ಟೆಗಳು, ಕೆಳಗೆ ಇಲಿ ಬಿದ್ದೊಡನೆ ಗಡಿಯಾರ ನಿಲ್ಲಿಸುವ ಹಲಗೆ. ನಮ್ಮ ಕಾಲದ ಬಿ.ಫಾರ್ಮಾದವರ ರೆಕಾರ್ಡ್ ಪುಸ್ತಕದಲ್ಲಿ ಡಯಜೆಪಾಮ್ ಎಂಬ ತೂಕಡಿಕೆ ತರುವ ಔಷಧ ಕೊಟ್ಟ ಇಲಿಯ ಪ್ರಯೋಗ ಇದ್ದೇ ಇರುತ್ತಿತ್ತು. ಈಗಿನ ಪಠ್ಯಕ್ರಮದಲ್ಲಿ ಪ್ರಾಣಿ ಪ್ರಯೋಗಗಳನ್ನು ಸಾಫ್ಟ್‌ವೇರ್‌ನಲ್ಲಿ, ವಿಡಿಯೋದಲ್ಲಿ ತೋರಿಸುತ್ತಾರೆ. ಇಲಿಗಳ ದೃಷ್ಟಿಯಿಂದ ಅದು ಒಳ್ಳೆಯದೇ. ಆದರೆ ತೆರೆಯ ಮೇಲಿನ ಇಲಿ ಹೇಳಿದ ಹೊತ್ತಿಗೆ ಬೀಳುತ್ತದೆ, ನಿಜವಾದದ್ದು ಹಾಗೆ ಬೀಳುವುದಿಲ್ಲ.

ವಿಧಾನ ಹೀಗಿತ್ತು. 20ರಿಂದ 25 ಗ್ರಾಂ ತೂಕದ ಸ್ವಿಸ್ ಆಲ್ಬಿನೊ ಇಲಿ. (ಕನ್ನಡದಲ್ಲಿ ಎರಡಕ್ಕೂ ಇಲಿ ಎಂದರೆ ನಡೆಯುತ್ತದೆ. ಲ್ಯಾಬಿನಲ್ಲಿ ಮಾತ್ರ ಚಿಕ್ಕದು ಮೌಸ್, ದೊಡ್ಡದು ರ‍್ಯಾಟ್. ಎರಡನ್ನೂ ಕಲಸಿದರೆ ಡೋಸಿನ ಲೆಕ್ಕವೇ ಕೆಡುತ್ತದೆ.) ಸರಳು ನಿಮಿಷಕ್ಕೆ 20ರಿಂದ 25 ಸುತ್ತು. ಮೊದಲು ಔಷಧವಿಲ್ಲದೆ ಹತ್ತಿಸಿ, ನಿಲ್ಲಬಲ್ಲ ಇಲಿಗಳನ್ನಷ್ಟೇ ಆರಿಸಿಕೊಳ್ಳಬೇಕು. ಆಮೇಲೆ ಡಯಜೆಪಾಮ್, ಕಿಲೋ ತೂಕಕ್ಕೆ 4 ಮಿ.ಗ್ರಾಂ., ಹೊಟ್ಟೆಯ ಕೆಳಭಾಗದ ಬಲಕ್ಕೆ. ದ್ರಾವಣ ಮಿ.ಲೀ.ಗೆ 0.4 ಮಿ.ಗ್ರಾಂ. ಇದ್ದರೆ 25 ಗ್ರಾಂ ಇಲಿಗೆ 0.25 ಮಿ.ಲೀ. ಅರ್ಧ ಗಂಟೆ ಬಿಟ್ಟು ಮತ್ತೆ ಸರಳಿನ ಮೇಲೆ. ಬಾಲದ ಬುಡ ಹಿಡಿದು, ಸರಳು ತಿರುಗುವ ದಿಕ್ಕಿಗೆ ಎದುರಾಗಿ ಮುಖವಿಟ್ಟು ಬಿಡಬೇಕು, ಆಗಲೇ ಅದು ಮುಂದಕ್ಕೆ ಹೆಜ್ಜೆ ಹಾಕುತ್ತದೆ. ಮುಖ ತಿರುಗಿಸಿಟ್ಟರೆ ಔಷಧವೇ ಬೇಡ, ಆರೋಗ್ಯವಾದ ಇಲಿಯೂ ತಡಬಡಾಯಿಸಿ ಬೀಳುತ್ತದೆ.

ಎಲ್ಲರೂ ಬರೆಯುತ್ತಿದ್ದದ್ದು ಒಂದೇ: ಮೊದಲು ಇಷ್ಟು ಸೆಕೆಂಡ್, ಆಮೇಲೆ ಇಷ್ಟು, ಶೇಕಡಾ ಇಳಿಕೆ ಇಷ್ಟು. ರೆಕಾರ್ಡ್ ವಾಪಸು ಬಂದಾಗ ಫಲಿತಾಂಶದ ಪಕ್ಕದಲ್ಲಿ ಕೆಂಪು ಇಂಕಿನಲ್ಲಿ ಎರಡೇ ಪದ ಇರುತ್ತಿದ್ದವು: “ಯಾಕೆ ಬಿತ್ತು?”

ಸ್ನಾಯು ಸಡಿಲವಾಯಿತು ಎಂಬುದು ಪುಸ್ತಕದ ಉತ್ತರ. ಆದರೆ ಡಯಜೆಪಾಮ್ ಕೆಲಸ ಮಾಡುವುದು ಗಾಬಾ ಎಂಬ ತಡೆಯುವ ರಾಸಾಯನಿಕದ ಗ್ರಾಹಕಗಳ ಮೇಲೆ. ಅವು ಬೆನ್ನುಹುರಿಯಲ್ಲಿವೆ, ಮಹಾಮಸ್ತಿಷ್ಕದಲ್ಲಿವೆ, ಚಲನೆಯ ಹೊಂದಿಕೆ ನೋಡಿಕೊಳ್ಳುವ ಅನುಮಸ್ತಿಷ್ಕದಲ್ಲಿ ಅಂದರೆ ಸೆರೆಬೆಲ್ಲಮ್‌ನಲ್ಲಿಯೂ ದಂಡಿಯಾಗಿವೆ. ತೂಕಡಿಕೆಯಿಂದ ಬಿದ್ದಿತೋ, ಹಿಡಿತ ಸೋತು ಬಿದ್ದಿತೋ, ಹೆಜ್ಜೆಯ ಹೊಂದಾಣಿಕೆ ತಪ್ಪಿ ಬಿದ್ದಿತೋ, ಗಡಿಯಾರಕ್ಕೆ ಎಲ್ಲವೂ ಒಂದೇ. ಇದಕ್ಕೆ ಔಷಧವೇ ಬೇಕೆಂದಿಲ್ಲ. ದಪ್ಪ ಇಲಿ ಬೇಗ ಬೀಳುತ್ತದೆ. ಹಿಂದಿನ ಇಲಿಯ ಮೂತ್ರದಿಂದ ಸರಳು ಜಾರುತ್ತದೆ, ಅದಕ್ಕೇ ಪ್ರತಿ ಸಲ ಶೇ. 70ರ ಆಲ್ಕೊಹಾಲಿನಿಂದ ಒರೆಸಿ ಒಣಗಲು ಬಿಡುವುದು. ಕೆಲವು ಜಾಣ ಇಲಿಗಳು ನಡೆಯುವುದನ್ನೇ ಬಿಟ್ಟು ಸರಳನ್ನು ಅಪ್ಪಿಕೊಂಡು ಅದರೊಡನೆ ಗಿರಗಿರನೆ ಸುತ್ತುತ್ತವೆ. ಗಡಿಯಾರದ ಲೆಕ್ಕದಲ್ಲಿ ಅದೇ ಇಲಿ ಫಸ್ಟ್ ಕ್ಲಾಸ್. ಆದ್ದರಿಂದ ಪೂರ್ತಿ ಒಂದು ಸುತ್ತು ಹಾಗೆ ಸುತ್ತಿದರೆ ಬಿದ್ದಂತೆಯೇ ಎಂದು ಮೊದಲೇ ನಿಯಮ ಬರೆದಿಟ್ಟುಕೊಳ್ಳಬೇಕು. ಕೆಲವರು ಎರಡು ಸುತ್ತಿನವರೆಗೆ ಬಿಡುತ್ತಾರೆ. ಎಷ್ಟು ಎನ್ನುವುದಕ್ಕಿಂತ ಪ್ರಯೋಗದ ನಡುವೆ ನಿಯಮ ಬದಲಾಗದಿರುವುದು ಮುಖ್ಯ.

ಅಂದ ಹಾಗೆ, ಈ ಯಂತ್ರವನ್ನು ಬಳಕೆಗೆ ತಂದವರು ನರವಿಜ್ಞಾನಿಗಳಲ್ಲ. 1957ರಲ್ಲಿ ಡನ್‌ಹ್ಯಾಮ್ ಮತ್ತು ಮಿಯಾ ಇದನ್ನು ವಿವರಿಸಿದ್ದು ಅಮೆರಿಕದ ಔಷಧ ವಿಜ್ಞಾನದ ಪತ್ರಿಕೆಯಲ್ಲಿ. ವೇಗ ಏರುತ್ತ ಹೋಗುವ ಸರಳು 1968ರಲ್ಲಿ ಬಂತು, ಜೋನ್ಸ್ ಮತ್ತು ರಾಬರ್ಟ್ಸ್ ಅವರಿಂದ. ಸೆರೆಬೆಲ್ಲಮ್ ಕೆಟ್ಟಿದೆಯೇ ಎಂದು ನೋಡಲು ಬೇಕಾದದ್ದು ಈ ಎರಡನೆಯದು: 5 ನಿಮಿಷದಲ್ಲಿ ನಿಮಿಷಕ್ಕೆ 4ರಿಂದ 40 ಸುತ್ತಿಗೆ ಏರಿಕೆ, ದಿನಕ್ಕೆ ಮೂರು ಸರದಿ, ನಡುವೆ ಕನಿಷ್ಠ ಕಾಲು ಗಂಟೆ ವಿಶ್ರಾಂತಿ, ಮೂರು ನಾಲ್ಕು ದಿನ. ಮೊದಲ ದಿನದ ಮೊದಲ ಸರದಿ ಹೆಚ್ಚೇನೂ ಹೇಳುವುದಿಲ್ಲ, ಅದರಲ್ಲಿ ಅರ್ಧ ಹೆದರಿಕೆಯೇ ಇರುತ್ತದೆ. ನೋಡಬೇಕಾದದ್ದು ಸರಳಿನ ಮೇಲೆ ಉಳಿದ ಹೊತ್ತಿನ ಗೆರೆ ದಿನದಿಂದ ದಿನಕ್ಕೆ ಏರುತ್ತದೆಯೇ ಎಂಬುದನ್ನು. ಬಲವಿಲ್ಲದ ಇಲಿ ಕೆಳಗಿನಿಂದ ಶುರುಮಾಡಿದರೂ ಏರಬಹುದು. ಸೆರೆಬೆಲ್ಲಮ್‌ನ ದೊಡ್ಡ ನರಕೋಶಗಳಾದ ಪರ್ಕಿಂಜೆ ಕೋಶಗಳನ್ನು ಕಳೆದುಕೊಂಡ ಇಲಿಯ ಗೆರೆ ಹೆಚ್ಚು ಏರುವುದಿಲ್ಲ. ಬಲದ ಅನುಮಾನ ತೀರಿಸಿಕೊಳ್ಳಲು ಜಾಲರಿಯ ಮೇಲೆ ಬಿಟ್ಟು ನಿಧಾನವಾಗಿ ತಲೆಕೆಳಗು ಮಾಡಿ, ಎಷ್ಟು ಹೊತ್ತು ಹಿಡಿದುಕೊಂಡಿರುತ್ತದೆ ನೋಡಿದರಾಯಿತು. ಕೆಳಗೆ ಮೆತ್ತನೆಯ ಹಾಸು ಇರಲಿ.

ಪರ್ಕಿಂಜೆ ಕೋಶಗಳ ಹೆಸರು 1837ರಲ್ಲಿ ಅವುಗಳನ್ನು ವಿವರಿಸಿದ ಯಾನ್ ಪರ್ಕಿಂಜೆಯದು. ಸೆರೆಬೆಲ್ಲಮ್‌ನ ತೊಗಟೆಯಿಂದ ಹೊರಗೆ ಹೋಗುವ ಸಂದೇಶವೆಲ್ಲ ಇವುಗಳ ಮೂಲಕವೇ ಹೋಗಬೇಕು, ಮತ್ತು ಆ ಸಂದೇಶ ಯಾವಾಗಲೂ ತಡೆಯುವ ಸಂದೇಶ. ಮೌಸ್ ಮೆದುಳಿನ ಸುಮಾರು 7 ಕೋಟಿ ನರಕೋಶಗಳಲ್ಲಿ 4 ಕೋಟಿಗೂ ಹೆಚ್ಚು ಈ ಪುಟ್ಟ ಭಾಗದಲ್ಲೇ ಇವೆ, ಬಹುಪಾಲು ಕಾಳಿನಂಥ ಗ್ರ್ಯಾನ್ಯೂಲ್ ಕೋಶಗಳು. ಲರ್ಚರ್ ಎಂಬ ತಳಿಯ ಇಲಿಗಳಲ್ಲಿ ಒಂದೇ ಜೀನಿನ ದೋಷದಿಂದ ಪರ್ಕಿಂಜೆ ಕೋಶಗಳು ಹುಟ್ಟಿದ ಎರಡನೇ ವಾರದಿಂದ ಸಾಯತೊಡಗಿ, ಪ್ರಾಯಕ್ಕೆ ಬರುವ ಹೊತ್ತಿಗೆ ಹೆಚ್ಚುಕಡಿಮೆ ಒಂದೂ ಉಳಿಯುವುದಿಲ್ಲ. ಪಿಸಿಡಿ ತಳಿಯಲ್ಲಿ ಇದೇ ನಾಶ ಸ್ವಲ್ಪ ತಡವಾಗಿ, ಮೂರನೇ ವಾರದಿಂದ. ಎರಡೂ ತೂರಾಡುತ್ತ ನಡೆಯುತ್ತವೆ, ಆದರೆ ನಡೆಯುತ್ತವೆ. ಲಕ್ವ ಹೊಡೆದಂತೆ ಬಿದ್ದಿರುವುದಿಲ್ಲ. ಪಾರಿವಾಳಗಳಲ್ಲಿ ಫ್ಲೂರಾನ್ಸ್ 1824ರಲ್ಲೇ ಕಂಡದ್ದು ಇದನ್ನೇ: ಸೆರೆಬೆಲ್ಲಮ್ ತೆಗೆದರೆ ಚಲನೆ ಹೋಗುವುದಿಲ್ಲ, ಚಲನೆಯ ಹೊಂದಿಕೆ ಹೋಗುತ್ತದೆ.

ಆ ತೂರಾಟವನ್ನು ಕಾಗದದ ಮೇಲೆ ಹಿಡಿಯುವ ಅಗ್ಗದ ಉಪಾಯ ಹೆಜ್ಜೆ ಗುರುತು. ಮುಂಗಾಲಿಗೆ ಕೆಂಪು, ಹಿಂಗಾಲಿಗೆ ನೀಲಿ, ವಿಷವಿಲ್ಲದ ಬಣ್ಣ. 10 ಸೆಂ.ಮೀ. ಅಗಲದ ಓಣಿ, ತುದಿಯಲ್ಲೊಂದು ಕತ್ತಲೆ ಡಬ್ಬ, ಕೆಳಗೆ ಬಿಳಿ ಕಾಗದ. ಬಣ್ಣ ಹೆಚ್ಚಾದರೆ ಬೆರಳೆಲ್ಲ ಒಂದೇ ಮುದ್ದೆ, ಕಡಿಮೆಯಾದರೆ ಮೂರನೇ ಹೆಜ್ಜೆಗೆ ಮಾಯ. ಮೊದಲ ಮತ್ತು ಕೊನೆಯ ಹೆಜ್ಜೆಗಳನ್ನು ಬಿಟ್ಟು, ನಡುವಿನ ನಾಲ್ಕೈದು ಹೆಜ್ಜೆಗಳನ್ನು ಅಳೆಯುವುದು. ತೊಂದರೆಯಿರುವ ಇಲಿಯ ಹಿಂಗಾಲುಗಳ ನಡುವಿನ ಅಂತರ ಅಗಲ, ಹೆಜ್ಜೆ ಗಿಡ್ಡ. ಇಲ್ಲಿಯೂ ಒಂದು ಮೋಸವಿದೆ. ಯಾವ ಇಲಿಯೇ ಆಗಲಿ, ನಿಧಾನ ನಡೆದರೆ ಹೆಜ್ಜೆ ಗಿಡ್ಡವಾಗುತ್ತದೆ, ಮೈ ಚಿಕ್ಕದಿದ್ದರೂ ಅಷ್ಟೇ. 2015ರಲ್ಲಿ ಲಿಸ್ಬನ್ನಿನ ತಂಡವೊಂದು ಪಿಸಿಡಿ ಇಲಿಗಳ ನಡಿಗೆಯನ್ನು ವೇಗದ ಕ್ಯಾಮೆರಾದಲ್ಲಿ ಹಿಡಿದು, ನಡಿಗೆಯ ವೇಗ ಮತ್ತು ಮೈಯ ಗಾತ್ರದ ಲೆಕ್ಕ ಕಳೆದು ನೋಡಿತು. ಒಂದೊಂದೇ ಪಾದ ಮುಂದಕ್ಕೆ ಸಾಗುವ ರೀತಿ ಬಹುಮಟ್ಟಿಗೆ ಸರಿಯಾಗಿಯೇ ಇತ್ತು! ಕೆಟ್ಟಿದ್ದದ್ದು ಕಾಲುಕಾಲುಗಳ ನಡುವಿನ ತಾಳ, ಕಾಲಿಗೂ ಬಾಲ ಮೂತಿಗಳಿಗೂ ಇರುವ ಹೊಂದಾಣಿಕೆ. ಸ್ಕೇಲು ಹಿಡಿದು ಹೆಜ್ಜೆಯ ಉದ್ದ ಅಳೆದು ‘ಅಟಾಕ್ಸಿಯಾ’ (ಚಲನೆಯ ಹೊಂದಿಕೆ ತಪ್ಪುವುದು) ಎಂದು ಬರೆದ ಎಷ್ಟೋ ಹಾಳೆಗಳಲ್ಲಿ ಅಳತೆಯಾದದ್ದು ಬರೀ ನಿಧಾನ.

ಕಲಿಕೆಗೆ ಬಂದರೆ ಕಣ್ಣು ಮಿಟುಕಿಸುವ ಪ್ರಯೋಗಕ್ಕಿಂತ ಸ್ವಚ್ಛವಾದದ್ದು ಇನ್ನೊಂದಿಲ್ಲ ಎನ್ನುವುದು ನನ್ನ ಪಕ್ಷಪಾತ. ಇಲಿಯ ತಲೆಯನ್ನು ಸ್ಥಿರವಾಗಿಟ್ಟು, ಕಾಲ ಕೆಳಗೆ ಸಲೀಸಾಗಿ ತಿರುಗುವ ಚಕ್ರ. ಎದುರಿಗೆ ಎಲ್‌ಇಡಿ ಬೆಳಕು, ಅದು ಹತ್ತಿದ 250 ಮಿಲಿಸೆಕೆಂಡಿಗೆ ಕಣ್ಣಿಗೆ ಸಣ್ಣ ಗಾಳಿಯ ಊದು, ಸುಮಾರು 30 ಮಿಲಿಸೆಕೆಂಡ್. ಬೆಳಕೂ ಊದೂ ಒಟ್ಟಿಗೆ ನಿಲ್ಲಬೇಕು. ಎರಡು ಸರದಿಗಳ ನಡುವೆ 10 ಸೆಕೆಂಡಿಗೆ ಕಡಿಮೆಯಿಲ್ಲದ, ಪ್ರತಿ ಸಲ ಬದಲಾಗುವ ಅಂತರ. ದಿನಕ್ಕೆ ಸುಮಾರು ನೂರು ಸರದಿ. ವಾರ ಹತ್ತು ದಿನದಲ್ಲಿ ಇಲಿ ಬೆಳಕು ಕಂಡಾಗಲೇ ರೆಪ್ಪೆ ಮುಚ್ಚತೊಡಗುತ್ತದೆ. ಅದೂ ಹೇಗೆ? ಬೆಳಕು ಹತ್ತಿದ ಗಳಿಗೆಗಲ್ಲ, ಗಾಳಿ ಬರುವ ಗಳಿಗೆಗೆ ಸರಿಯಾಗಿ ಪೂರ್ತಿ ಮುಚ್ಚಿರುವ ಹಾಗೆ. ನಡುನಡುವೆ ಗಾಳಿಯಿಲ್ಲದ ಸರದಿ ಸೇರಿಸಿದರೆ ಈ ಲೆಕ್ಕಾಚಾರ ಕಣ್ಣಿಗೆ ಕಟ್ಟುತ್ತದೆ.

ಒಳಗೆ ನಡೆಯುವುದು ಇಷ್ಟು. ಬೆಳಕಿನ ಸುದ್ದಿ ಗ್ರ್ಯಾನ್ಯೂಲ್ ಕೋಶಗಳ ಮೂಲಕ ಪರ್ಕಿಂಜೆ ಕೋಶಕ್ಕೆ ಸಾವಿರಾರು ಎಳೆಗಳಲ್ಲಿ ಬರುತ್ತದೆ. ಗಾಳಿಯ ಸುದ್ದಿ ಬರುವುದು ಒಂದೇ ಒಂದು ದಪ್ಪ ಎಳೆಯಲ್ಲಿ, ಕ್ಲೈಂಬಿಂಗ್ ಫೈಬರ್‌ನಲ್ಲಿ. ಎರಡೂ ಮತ್ತೆ ಮತ್ತೆ ಜೊತೆಗೂಡಿದಾಗ ಮೊದಲಿನ ಎಳೆಗಳ ಸಂಪರ್ಕ ದುರ್ಬಲವಾಗುತ್ತದೆ. ಮಾರ್ 1969ರಲ್ಲಿ, ಆಲ್ಬಸ್ 1971ರಲ್ಲಿ ಕಲಿಕೆ ಈ ಜೋಡಿಯಲ್ಲೇ ಇರಬೇಕೆಂದು ಊಹಿಸಿದರು. ಸಂಪರ್ಕ ಏರುತ್ತದೆ ಎಂದು ಮಾರ್, ಇಳಿಯುತ್ತದೆ ಎಂದು ಆಲ್ಬಸ್. ಇಳಿಯುವುದನ್ನು 1982ರಲ್ಲಿ ತೋರಿಸಿದವರು ಮಸಾವೊ ಇಟೊ ಮತ್ತು ಸಂಗಡಿಗರು. ಹಾಗೆ ಕಲಿತ ಮೇಲೆ ಬೆಳಕು ಬಂದಾಗ ಪರ್ಕಿಂಜೆ ಕೋಶ ಕ್ಷಣಕಾಲ ಸುಮ್ಮನಾಗುತ್ತದೆ. ತಡೆಯುವವನು ಸುಮ್ಮನಾದರೆ ಕೆಳಗಿನ ಇಂಟರ್‌ಪೊಸಿಟಸ್ ಕೇಂದ್ರ ಬಿಡುಗಡೆಯಾಗಿ ರೆಪ್ಪೆ ಮುಚ್ಚಿಸುತ್ತದೆ. 1984ರಲ್ಲಿ ಮೆಕ್‌ಕಾರ್ಮಿಕ್ ಮತ್ತು ಥಾಂಪ್ಸನ್ ಮೊಲಗಳಲ್ಲಿ ಆ ಕೇಂದ್ರವನ್ನೇ ಕೆಡಿಸಿದಾಗ ಕಲಿತ ಮಿಟುಕು ಹೋಯಿತು, ಗಾಳಿಗೆ ಮಿಟುಕುವುದು ಉಳಿಯಿತು. “ಯಾಕೆ ಬಿತ್ತು?” ಎಂಬ ಪ್ರಶ್ನೆಗೆ ರೋಟಾರಾಡ್ ಎಂದೂ ಕೊಡದ ಉತ್ತರ ಇದು: ಸ್ನಾಯು ಸರಿಯಿದೆ, ಕಣ್ಣು ಸರಿಯಿದೆ, ಹೋದದ್ದು ಕಲಿತದ್ದು.

ಈ ಪ್ರಯೋಗ ಕೆಡುವುದು ಎರಡು ಕಡೆ. ಬೆಳಕಿನ ಬದಲು ಜೋರು ಶಬ್ದ ಬಳಸಿದರೆ ಇಲಿ ಬೆಚ್ಚಿ, 50 ಮಿಲಿಸೆಕೆಂಡಿನ ಆಸುಪಾಸಿನಲ್ಲೇ ಕಣ್ಣು ಮುಚ್ಚುತ್ತದೆ. ಅದನ್ನು ಕಲಿಕೆ ಎಂದು ಎಣಿಸಿದರೆ ಮೊದಲ ದಿನವೇ ಇಲಿ ಪಂಡಿತ. ಇನ್ನೊಂದು, ಊದುವ ಕೊಳವೆ ಕೂದಲೆಳೆಯಷ್ಟು ಸರಿದರೂ ಗಾಳಿ ಕಣ್ಣಿಗೆ ಬದಲು ಮೀಸೆಗೆ ತಗಲುತ್ತದೆ. ಪ್ರತಿ ದಿನ ಶುರುವಿನಲ್ಲಿ ಬರೀ ಗಾಳಿ ಬಿಟ್ಟು, ರೆಪ್ಪೆ ಪೂರ್ತಿ ಮುಚ್ಚುವುದನ್ನು ನೋಡಿಯೇ ಮುಂದುವರಿಯಬೇಕು. ಚಕ್ರವೂ ಬರಿಯ ಸೌಕರ್ಯಕ್ಕಲ್ಲ: ಓಡುತ್ತಿರುವ ಇಲಿ ಬೇಗ ಕಲಿಯುತ್ತದೆ ಎಂದು 2018ರಲ್ಲಿ ಗೊತ್ತಾಯಿತು. ಒಂದು ಗುಂಪಿನ ಚಕ್ರ ಬಿಗಿಯಾಗಿ ಇನ್ನೊಂದರದು ಸಡಿಲವಿದ್ದರೆ ಫಲಿತಾಂಶ ಚಕ್ರದ್ದೇ ಹೊರತು ಇಲಿಯದಲ್ಲ.

ವರ್ತನೆಯಲ್ಲಿ ಸೆರೆಬೆಲ್ಲಮ್‌ನ ಪಾತ್ರದ ವಿಷಯ ಹೊಸದು, ಮತ್ತು ಅದರಲ್ಲಿ ಅವಸರದ ಮಾತುಗಳೇ ಹೆಚ್ಚು. ಗಟ್ಟಿಯಾದ ಒಂದು ಉದಾಹರಣೆ 2012ರದು. ಪರ್ಕಿಂಜೆ ಕೋಶಗಳಲ್ಲಿ ಮಾತ್ರ ಟಿಎಸ್‌ಸಿ1 ಜೀನನ್ನು ತೆಗೆದ ಇಲಿಗಳು ಬೇರೆ ಇಲಿಯ ಹತ್ತಿರ ಹೋಗುವುದರಲ್ಲಿ ಆಸಕ್ತಿ ತೋರಲಿಲ್ಲ, ರಾಪಾಮೈಸಿನ್ ಎಂಬ ಔಷಧ ಕೊಟ್ಟಾಗ ದೋಷ ತಪ್ಪಿತು. ಇಂಥದ್ದನ್ನು ಮೂರು ಕೋಣೆಯ ಪೆಟ್ಟಿಗೆಯಲ್ಲಿ ನೋಡುತ್ತಾರೆ: ಒಂದು ಪಕ್ಕ ತಂತಿ ಬಟ್ಟಲಿನಡಿ ಅಪರಿಚಿತ ಇಲಿ, ಇನ್ನೊಂದು ಪಕ್ಕ ಬರೀ ವಸ್ತು, 10 ನಿಮಿಷ. ಸೆರೆಬೆಲ್ಲಮ್ ಕೆಟ್ಟ ಇಲಿಗೆ ನಡೆಯುವುದೇ ಕಷ್ಟವಾಗಿದ್ದರೆ? ಆದ್ದರಿಂದ ಎಲ್ಲಿ ಎಷ್ಟು ಹೊತ್ತು ಇತ್ತು ಎಂಬುದರ ಜೊತೆಗೆ ಬಾಗಿಲು ಎಷ್ಟು ಸಲ ದಾಟಿತು ಎಂದೂ ಎಣಿಸಬೇಕು. ಅದೇ ಕೆಂಪು ಇಂಕಿನ ಪ್ರಶ್ನೆ, ಬೇರೆ ಪೆಟ್ಟಿಗೆಯಲ್ಲಿ.

ಕೊನೆಗೆ ಕೋಶಗಳನ್ನು ನೋಡದೆ ಯಾವುದನ್ನೂ ನಂಬುವ ಹಾಗಿಲ್ಲ. ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ ಒಪ್ಪಿದ ವಿಧಾನದಲ್ಲಿ, ಆಳವಾದ ಅರಿವಳಿಕೆಯಲ್ಲಿ, ಹೃದಯದ ಮೂಲಕ ಮೊದಲು ಲವಣದ್ರಾವಣ, ಆಮೇಲೆ ಅಂಗಾಂಶ ಕೆಡದಂತೆ ಹಿಡಿದಿಡುವ ಶೇ. 4ರ ಪ್ಯಾರಾಫಾರ್ಮಾಲ್ಡಿಹೈಡ್. ಪಿತ್ತಜನಕಾಂಗ ಬಿಳಚಿಕೊಂಡಿದ್ದರೆ ರಕ್ತ ಹೋಗಿದೆ ಎಂದರ್ಥ. ಮೆದುಳು ಇನ್ನೂ ಗುಲಾಬಿಯಾಗಿದ್ದರೆ ಆ ಸ್ಲೈಡಿನಲ್ಲಿ ಪರ್ಕಿಂಜೆ ಕೋಶಗಳನ್ನು ಎತ್ತಿ ತೋರಿಸುವ ಕ್ಯಾಲ್‌ಬಿಂಡಿನ್ ಬಣ್ಣದ ಹಿನ್ನೆಲೆ ಗಲೀಜಾಗುವುದು ಖಂಡಿತ. ತಲೆಬುರುಡೆ ಬಿಡಿಸುವಾಗ ಎಲ್ಲರೂ ಎಡವುವ ಜಾಗ ಒಂದಿದೆ. ಸೆರೆಬೆಲ್ಲಮ್‌ನ ಎರಡೂ ಬದಿಗೆ ಪ್ಯಾರಾಫ್ಲಾಕ್ಯುಲಸ್ ಎಂಬ ಸಣ್ಣ ಅಂಗಿ ಗುಂಡಿಯಂಥ ಭಾಗ ಕಿವಿಯ ಮೂಳೆಯೊಳಗಿನ ಕುಳಿಯಲ್ಲಿ ಹುದುಗಿ ಕೂತಿರುತ್ತದೆ. ಮೆದುಳನ್ನು ನೇರವಾಗಿ ಮೇಲೆತ್ತಿದರೆ ಅದು ತೊಟ್ಟು ಹರಿದು ಅಲ್ಲೇ ಉಳಿಯುತ್ತದೆ. ಮೊದಲು ಸೂಕ್ಷ್ಮ ಚಿಮುಟದಿಂದ ಕುಳಿಯ ಅಂಚಿನ ಮೂಳೆಯನ್ನು ಚೂರುಚೂರಾಗಿ ಹೊರಕ್ಕೆ ಮುರಿಯಬೇಕು, ಒಳಕ್ಕಲ್ಲ. ಎರಡೂ ಗುಂಡಿ ಬಿಡಿಸಿಕೊಂಡ ಮೇಲೆಯೇ ಚಮಚ ಒಳಗೆ ಹಾಕುವುದು.