ವಿಮಾನ ಎಲ್ಲಿದೆ ಮೇಡಂ?

ಮ್ಯೂಸಿಯಂನ ಶಿಕ್ಷಣ ವಿಭಾಗದಲ್ಲಿ ನನ್ನ ಕೆಲಸ. ಆವತ್ತು ಶಾಲೆಯಲ್ಲಿ ಪ್ರೀ-ವಿಸಿಟ್ ಕ್ಲಾಸು. ಇತಿಹಾಸದ ಪೀರಿಯಡ್ಡು, ಗೋಡೆ ಮೇಲೆ ಪ್ರೊಜೆಕ್ಟರ್‌ನಲ್ಲಿ ಪಿಕಾಸೊನ ‘ಗೆರ್ನಿಕಾ’ ಚಿತ್ರ, ಮಕ್ಕಳ ಕೈಯಲ್ಲಿ 22 ಪ್ರಶ್ನೆಗಳ ವರ್ಕ್‌ಶೀಟು. ಅದು ಮೇಲಿನವರ ಐಡಿಯಾ. ಪ್ರಶ್ನೆ ಜಾಸ್ತಿ ಆದಷ್ಟೂ ಕಲಿಕೆ ಜಾಸ್ತಿ ಅಂತ ಅವರ ಲೆಕ್ಕ.

ನಾನು ಶುರು ಹಚ್ಚಿಕೊಂಡೆ. ಸ್ಪೇನಿನ ಅಂತರ್ಯುದ್ಧ, 1937ರ ಏಪ್ರಿಲ್ 26, ಜರ್ಮನಿ ಮತ್ತು ಇಟಲಿಯ ವಿಮಾನಗಳು ಗೆರ್ನಿಕಾ ಅನ್ನೋ ಊರಿನ ಮೇಲೆ ಬಾಂಬ್ ಹಾಕಿದ್ದು, ಪ್ಯಾರಿಸ್ಸಿನಲ್ಲಿದ್ದ ಪಿಕಾಸೊ ಪೇಪರಿನಲ್ಲಿ ಓದಿ ಚಿತ್ರ ಬರೆದದ್ದು, ಅದರ ಎತ್ತರ ಸುಮಾರು ಮೂರೂವರೆ ಮೀಟರ್ ಇರುವುದು. ಹನ್ನೆರಡು ನಿಮಿಷ ಬಿಡುವಿಲ್ಲದೆ ಮಾತಾಡಿದೆ. ಮಕ್ಕಳು ಗೋಡೆ ಕಡೆ ನೋಡಲೇ ಇಲ್ಲ, ಹಾಳೆ ತುಂಬಿಸುತ್ತಿದ್ದರು.

ಹಿಂದಿನ ಬೆಂಚಿನ ಹುಡುಗನೊಬ್ಬ ಕೈ ಎತ್ತಿದ. ‘ಮೇಡಂ, ವಿಮಾನ ಎಲ್ಲಿದೆ?’

ತಿರುಗಿ ನೋಡಿದೆ. ಗೂಳಿ ಇದೆ. ಬಾಯಿ ಬಿಟ್ಟು ಕಿರುಚುವ ಕುದುರೆ ಇದೆ. ಸತ್ತ ಮಗುವನ್ನು ಹಿಡಿದ ತಾಯಿ, ಮುರಿದ ಕತ್ತಿ, ಕಿಟಕಿಯಿಂದ ದೀಪ ಚಾಚಿದ ಕೈ, ಮೇಲೊಂದು ಬಲ್ಬು. ವಿಮಾನ ಇಲ್ಲ. ಬಾಂಬೂ ಇಲ್ಲ. ಈ ಚಿತ್ರದ ಮೇಲೆ ಎಷ್ಟು ಸಲ ಭಾಷಣ ಬಿಗಿದಿದ್ದೆನೋ, ಅದು ಇಲ್ಲ ಅನ್ನೋದೇ ನನ್ನ ತಲೆಗೆ ಹೊಳೆದಿರಲಿಲ್ಲ. ‘ಆ ಬಲ್ಬೇ ಬಾಂಬಿನ ಸಂಕೇತ’ ಅಂದುಬಿಟ್ಟೆ. ಹಾಗೆ ಅರ್ಥ ಮಾಡುವವರೂ ಇದ್ದಾರೆ, ನಿಜ. ಆದರೆ ನಾನು ಹೇಳಿದ್ದು ಮರ್ಯಾದೆ ಉಳಿಸಿಕೊಳ್ಳಲು. ಅಷ್ಟೂ ತಲೆಗಳು ಬಗ್ಗಿದವು, ಎಲ್ಲರೂ ಅದನ್ನೇ ಬರೆದುಕೊಂಡರು! ಆ ಹುಡುಗ ಮಾತ್ರ ಪೆನ್ನು ಮುಟ್ಟಲಿಲ್ಲ.

ಟ್ರೇನಿಂಗ್‌ನಲ್ಲಿ ವಿಟಿಎಸ್ (ವಿಶುವಲ್ ಥಿಂಕಿಂಗ್ ಸ್ಟ್ರಾಟಜೀಸ್), ಅಂದ್ರೆ ಚಿತ್ರ ತೋರಿಸಿ ಮಕ್ಕಳನ್ನೇ ಮಾತಾಡಿಸುವ ವಿಧಾನದ ಮೂರು ಪ್ರಶ್ನೆ ಬಾಯಿಪಾಠ ಆಗಿರುತ್ತೆ. ಇಲ್ಲಿ ಏನು ನಡೀತಿದೆ? ಏನು ನೋಡಿ ಹಾಗಂದೆ? ಇನ್ನೇನು ಕಾಣುತ್ತೆ? ಕೇಳಿ ಸುಮ್ನೆ ನಿಲ್ಲಬೇಕು. ಆ ಸುಮ್ನೆ ನಿಲ್ಲುವುದೇ ನನಗೆ ಬರಲ್ಲ. ಕೊನೆಗೂ ಅವನನ್ನೇ ಕೇಳಿದೆ, ‘ನೀನು ಏನು ನೋಡಿ ಹಾಗೆ ಕೇಳಿದೆ?’ ಮೌನ. ಟೀಚರ್ ವಾಚ್ ನೋಡಿಕೊಂಡರು. ನಾಲಿಗೆ ಕಚ್ಚಿಕೊಂಡು ನಿಂತೆ.

‘ಅಮ್ಮ ಮೇಲೆ ನೋಡ್ತಿದ್ದಾಳೆ. ಈ ಕಡೆ ಕೈ ಎತ್ತಿರೋರೂ ಮೇಲೆ ನೋಡ್ತಿದ್ದಾರೆ. ಆದ್ರೆ ಮೇಲೆ ಯಾರೂ ಇಲ್ಲ.’

ಆಮೇಲೆ ಒಂದು ಹುಡುಗಿ, ಕುದುರೆ ಮೈಮೇಲಿನ ಸಣ್ಣ ಸಣ್ಣ ಗೀಟು ಪೇಪರಿನ ಅಕ್ಷರದ ಥರ ಇದೆ ಅಂದಳು. ಪೇಪರಿನ ವಿಷಯ ನಾನೇ ಹೇಳಿದ್ದೆ, ಅದನ್ನು ಕುದುರೆಗೆ ಜೋಡಿಸಿದ್ದು ಅವಳು. ಅಷ್ಟರಲ್ಲಿ ಬೆಲ್ಲು.

ವರ್ಕ್‌ಶೀಟ್ ಏಳನೇ ಪ್ರಶ್ನೆಗೇ ನಿಂತಿತ್ತು. ಆಫೀಸಿನಲ್ಲಿ ಅದಕ್ಕೆ ಬೈಸಿಕೊಂಡೆ. ಮರುದಿನ ಟೀಚರ್ ಮೆಸೇಜ್: ‘ಬಲ್ಬು ಅಂದ್ರೆ ಬಾಂಬು ಅಂತ ಬರೆದವರಿಗೆ ಫುಲ್ ಮಾರ್ಕ್ಸ್ ಕೊಡಲಾ ಮೇಡಂ?’

ಇನ್ನೂ ರಿಪ್ಲೈ ಮಾಡಿಲ್ಲ.